ಕೆಂಪು ಬಿಲ್ಲೆಗೆ ದರ ಹಿಡಿದ ಕೈ

ಅವರ ಬಲಗೈಗೆ ಯಾವಾಗಲೂ ಅರಳೆಯ ಎಳೆ ಅಂಟಿಕೊಂಡಿರುತ್ತಿತ್ತು. ಮುಂಗೈಯ ಕೂದಲಿನಲ್ಲಿ, ಉಗುರಿನ ಸಂದಿಯಲ್ಲಿ, ಉಂಗುರವಿಲ್ಲದ ಬೆರಳುಗಳ ಬುಡದಲ್ಲಿ. ಎಷ್ಟು ತೊಳೆದರೂ ಒಂದೆರಡು ಎಳೆ ಉಳಿದೇ ಉಳಿಯುತ್ತಿದ್ದವು. ಕಿರುಬೆರಳ ಉಗುರಿಗೆ ಮದರಂಗಿ. ಮುಖ ನೋಡಿದರೆ ಸುಣ್ಣ ಕಾಣದ ಗೋಡೆ. ಅದರ ಮೇಲೆ ಸಿಟ್ಟು, ಸಂತೋಷ, ಹಸಿವು ಯಾವುದನ್ನೂ ಯಾರೂ ಓದಿದವರಿಲ್ಲ. ಆ ಕೈ ಮಾತ್ರ ಸದಾ ಎಚ್ಚರವಾಗಿರುತ್ತಿತ್ತು. ಕಟ್ಟೆಯ ಮೇಲೆ ಸುಮ್ಮನೆ ಕೂತಾಗಲೂ ಬೆರಳುಗಳು ತೊಡೆಯ ಮೇಲೆ ಯಾರದೋ ಮಾತಿಗೆ ಉತ್ತರ ಕೊಡುತ್ತಿರುವಂತೆ ಆಡುತ್ತಿದ್ದವು.

ದಾವಣಗೆರೆಯ ನಮ್ಮ ಓಣಿಗೆಲ್ಲ ಅವರು ದಲಾಲಿ ಚಾಚಾ. ಹತ್ತಿ ಪೇಟೆಯಲ್ಲಿ ದಲಾಲಿ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಮ್ಮ ಅವ್ವ ಒಗ್ಗರಣೆ ಹಾಕಿದರೆ ಅವರ ಮನೆ ಚಾಚಿ ಸೀನುವಷ್ಟು ಹತ್ತಿರ.

ನಾನು ಆಗ ಇಂಟರ್‌ಮೀಡಿಯೆಟ್ ಫೇಲಾಗಿ, ಫೇಲಾದದ್ದನ್ನೇ ಒಂದು ಹುದ್ದೆ ಅಂತ ತಿಳಿದು ತಿರುಗುತ್ತಿದ್ದೆ. ನನಗೆ ಬರುತ್ತಿದ್ದ ವಿದ್ಯೆ ಒಂದೇ, ಇನ್ನೊಬ್ಬರ ದನಿ ತೆಗೆಯುವುದು. ಹೆಡ್‌ಮಾಸ್ತರರ ಗೊಗ್ಗರು, ಬಸ್ ಏಜೆಂಟನ ಮೂಗಿನ ರಾಗ, ಸಾಲ ವಸೂಲಿಗೆ ಬಂದವರ ಮುಂದೆ ನಮ್ಮಪ್ಪನಿಗೆ ಬರುವ ಕೆಮ್ಮು, ರಿಸಲ್ಟ್ ನೋಡಿ ಬಂದ ದಿನ ನಾನೇ ಅವ್ವನ ಮುಂದೆ ನಿಂತು ತೊದಲಿದ ಪರಿ, ಯಾವುದನ್ನೂ ಬಿಟ್ಟಿರಲಿಲ್ಲ. ಊರಿನಲ್ಲಿ ನನ್ನ ಬಾಯಿಗೆ ಸಿಗದೆ ಉಳಿದವರು ಚಾಚಾ ಒಬ್ಬರೇ. ಏಕೆಂದರೆ ಅವರು ಮಾತಾಡುತ್ತಿದ್ದದ್ದು ಟವೆಲಿನ ಕೆಳಗೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಪೇಟೆಯಲ್ಲಿ ಅವರಂಥ ಹಳಬರು ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೆಗಲ ಮೇಲಿನ ಟವೆಲು ತೆಗೆದು ಎದುರಿನವನ ಕೈಯ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿಯುತ್ತಿದ್ದರು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಅಂಗೈ ಹಿಡಿದರೆ ಐದು. ಟವೆಲಿನ ಕೆಳಗೆ ಕೈ ಇರುವಷ್ಟು ಹೊತ್ತು ಯಾರೂ ದನಿ ಏರಿಸುವಂತಿಲ್ಲ. ಸುತ್ತ ನಿಂತ ಹಮಾಲರೂ ಬಾಯಿಗೆ ಬೀಗ ಹಾಕುತ್ತಿದ್ದರು. ಒಮ್ಮೆ ಹಿಡಿದ ದರ ಹಿಡಿದದ್ದೇ. ಒಂದು ಮಾಲಿಗೆ ದರ ಕೊಟ್ಟವನು ಅವತ್ತು ಆ ಮಾಲು ಎಷ್ಟು ಬಂದರೂ, ಯಾರು ತಂದರೂ, ಅದೇ ದರಕ್ಕೆ ಕೊಳ್ಳಬೇಕು. ದರ ಕೊಡದೆ ಕೈ ಕಿತ್ತುಕೊಂಡು ಹೋದರೆ ಅವನ ಮುಂದೆ ಮತ್ತೆ ಟವೆಲು ಹಾಸುವವರಿಲ್ಲ.

ಈ ಅಭ್ಯಾಸ ಮನೆಗೂ ಬಂದಿತ್ತು. ಏನು ಕೇಳಿದರೂ ಚಾಚಾ ಒಂದು ಗುಟುಕು ಚಹಾ ಬಸಿಗೆ ಬಗ್ಗಿಸಿ ಕುಡಿದು, ಇನ್ನೊಂದು ಗುಟುಕು ಬಗ್ಗಿಸಿ, ಆಮೇಲೆ ತಲೆ ಆಡಿಸುತ್ತಿದ್ದರು. ಉಳಿದ ಮಾತೆಲ್ಲ ಚಾಚಿಯದು. ನಿಕಾಹ್ ದಿನ ಒಪ್ಪಿಗೆಯಾ ಅಂತ ಕೇಳಿದರೆ ಇವರು ಟವೆಲು ಹುಡುಕಿದರು ಅಂತ ಚಾಚಿ ಓಣಿಯ ಹೆಂಗಸರನ್ನೆಲ್ಲ ನಗಿಸುತ್ತಿದ್ದಳು. ಚಾಚಾ ಅದನ್ನು ಇಲ್ಲ ಅಂತಲೂ ಹೇಳಲಿಲ್ಲ.

ಆ ವರ್ಷ ನಮ್ಮ ಮನೆಯಲ್ಲಿ ಒಂದು ಭಾರ ಇತ್ತು. ನನ್ನ ಅಕ್ಕನನ್ನು ಹರಿಹರಕ್ಕೆ ಕೊಟ್ಟಿದ್ದರು. ಮದುವೆಯಾಗಿ ವರ್ಷ ತುಂಬುವುದರೊಳಗೆ ಭಾವ ಜ್ವರದಲ್ಲಿ ತೀರಿಕೊಂಡ. ಅಕ್ಕ ತವರಿಗೆ ಬಂದು ಕೂತಳು. ಹರಿಹರದಲ್ಲಿ ದೊಡ್ಡ ಮನೆ; ಹಾಸಿಗೆ ಹಿಡಿದ ಅತ್ತೆ, ಮೂವರು ಮೈದುನರು, ಅವರ ಮಕ್ಕಳು, ಆಳುಗಳು. ಅಷ್ಟು ಜನಕ್ಕೆ ರೊಟ್ಟಿ ಬಡಿಯುವ ಕೈ ಅವರಿಗೆ ಬೇಕಾಗಿತ್ತು. ಸೊಸೆ ನಮ್ಮವಳು, ಕಳಿಸಿರಿ ಅಂತ ಮಾವ ಹೇಳಿಕಳಿಸುತ್ತಲೇ ಇದ್ದರು. ಅಪ್ಪ ಕೆಟ್ಟವನಲ್ಲ, ಅಂಜುಬುರುಕ. ಕೊಟ್ಟ ಹೆಣ್ಣನ್ನು ಯಾವ ಬಾಯಿಂದ ಇಟ್ಟುಕೊಳ್ಳಲಿ, ಇಲ್ಲಿ ಕೂತು ಇವಳು ಮಾಡುವುದಾದರೂ ಏನು ಅಂತ ಅವನ ಕೊರಗು. ಹೊಲಿಯುತ್ತೇನೆ ಅಂತ ಅಕ್ಕ ಹೇಳಿದಳು. ಅವಳ ಕೈಹೊಲಿಗೆ ಓಣಿಗೆಲ್ಲ ಗೊತ್ತಿದ್ದದ್ದೇ. ಆದರೆ ಕೈಹೊಲಿಗೆಯಲ್ಲಿ ಕುಪ್ಪಸ ಹೊಲಿದು ಹೊಟ್ಟೆ ಹೊರೆಯುವ ಕಾಲ ಮುಗಿದಿತ್ತು. ಮಿಷನ್ ಬೇಕು. ಮಿಷನ್ ಕೊಳ್ಳುವ ತಾಕತ್ತು ಅಪ್ಪನಿಗೆ ಇರಲಿಲ್ಲ. ನಿಮ್ಮೂರ ಎಗ್ಜಿಬಿಷನ್ ಮುಗಿಯುವ ದಿನ ಬಂದು ಕರೆದುಕೊಂಡು ಹೋಗುತ್ತೇವೆ ಅಂತ ಹರಿಹರದಿಂದ ಕೊನೆಯ ಮಾತು ಬಂತು. ಎಗ್ಜಿಬಿಷನ್ನೂ ನೋಡಿದ ಹಾಗಾಯಿತು, ಸೊಸೆಯೂ ಬಂದ ಹಾಗಾಯಿತು, ಬಸ್ ಚಾರ್ಜು ಮಾತ್ರ ಒಂದೇ. ಆ ಮಾವನ ದನಿಯನ್ನು ನಾನು ಮನೆಯಲ್ಲಿ ತೆಗೆದಾಗ ಅಕ್ಕ ನಕ್ಕಳು. ನಕ್ಕು ಮುಗಿದ ಮೇಲೆ ಹಿತ್ತಲಿಗೆ ಹೋದಳು.

ಎಗ್ಜಿಬಿಷನ್ ಮೈದಾನದಲ್ಲಿ ಮಳಿಗೆಗಳ ಸಾಲು, ಮಂಡಕ್ಕಿ ಮಿರ್ಚಿಯ ಹೊಗೆ, ಹತ್ತಿ ಬಿಡಿಸುವ ಜಿನ್ನುಗಳಿಂದ ಹಾರಿ ಬಂದ ಧೂಳು. ಅದರ ನಡುವೆ ಬಣ್ಣದ ಬಲ್ಬು ಕಟ್ಟಿದ ಅದೃಷ್ಟದ ಮಂಟಪ. ಒಳಗೆ ನಂಬರು ಬರೆದ ದೊಡ್ಡ ಚಕ್ರ. ಬಿಲ್ಲೆ ಕೊಂಡು ನಂಬರಿನ ಮೇಲೆ ಇಡಬೇಕು, ಚಕ್ರ ತಿರುಗುತ್ತದೆ, ನಿಮ್ಮ ನಂಬರು ಬಂದರೆ ಬಿಲ್ಲೆಗೆ ನಾಲ್ಕು ಬಿಲ್ಲೆ. ಬಿಳಿ ಬಿಲ್ಲೆ ದುಡ್ಡು ಕೊಟ್ಟು ಕೊಳ್ಳುವುದು. ಕೆಂಪು ಬಿಲ್ಲೆ ಪುಕ್ಕಟೆ. ಮಂಟಪದ ಟಿಕೆಟ್ ಕೊಂಡ ಪ್ರತಿಯೊಬ್ಬರಿಗೂ ಒಂದು. ಎರಡರ ಮೇಲೂ ‘ಒಂದು ರೂಪಾಯಿ’ ಅಂತ ಅಚ್ಚು. ಮೇಲೆ ಬೋರ್ಡು: ‘ನೂರು ಬಿಲ್ಲೆ ತಂದವರಿಗೆ ಹೊಲಿಗೆ ಮಿಷನ್.’ ಬೋರ್ಡಿನ ಕೆಳಗೆ ಮಿಷನ್ ಇತ್ತು, ಕಪ್ಪಗೆ, ಚಿನ್ನದ ಬಳ್ಳಿ ಬಿಡಿಸಿಕೊಂಡು, ಹಾರ ಹಾಕಿಸಿಕೊಂಡು.

ಆ ಮಂಟಪದ ಮೈಕಿನ ಮುಂದೆ ಕೂಗುತ್ತಿದ್ದವನು ನಾನೇ. ಮಾಲೀಕ ಬೇರೆ ಊರಿನವ, ರೇಷ್ಮೆ ಜುಬ್ಬ, ಮಾತು ಮುಗಿದಾಗಲೆಲ್ಲ ‘ನಗುನಗ್ತಾ ಇರ್ರಿ’ ಅನ್ನುವ ರೂಢಿ. ನನ್ನ ದನಿಗಳನ್ನು ಕೇಳಿ ಒಂದೇ ಮಾತಿಗೆ ಕೆಲಸಕ್ಕೆ ಇಟ್ಟುಕೊಂಡ. ನಾನು ಒಮ್ಮೆ ನಾಟಕದ ರಾಜನಾಗಿ, ಒಮ್ಮೆ ರೈಲ್ವೆ ಸ್ಟೇಷನ್ನಿನ ಗಂಟಲಾಗಿ, ಒಮ್ಮೆ ಸೊಸೆಯನ್ನು ಬೈಯುವ ಅತ್ತೆಯಾಗಿ, ಪುಕ್ಕಟೆ ರೂಪಾಯಿ ಬನ್ನಿ ಬನ್ನಿ ಅಂತ ಕೂಗುತ್ತಿದ್ದೆ. ಜನ ಮುಗಿಬೀಳುತ್ತಿದ್ದರು. ಸಂಬಳದ ಅರ್ಧವನ್ನು ಮಾಲೀಕ ಕೆಂಪು ಬಿಲ್ಲೆಯಲ್ಲಿ ಕೊಡುತ್ತಿದ್ದ. ನಾನು ಅದನ್ನು ಜೇಬಿನಲ್ಲಿ ಕುಣಿಸಿಕೊಂಡು ಓಣಿಯಲ್ಲಿ ನಡೆಯುವಾಗ, ದಾವಣಗೆರೆಯ ಅರ್ಧ ಮಿಲ್ಲು ನನ್ನದೇ ಅನ್ನಿಸುತ್ತಿತ್ತು.

ಮೊದಲ ದಿನವೇ ಒಂದು ಬಿಲ್ಲೆ ತಂದು ಚಾಚಾರಿಗೆ ತೋರಿಸಿದ್ದೆ. ಅವರು ಅದನ್ನು ಬೆರಳ ತುದಿಯ ಮೇಲೆ ಇಟ್ಟುಕೊಂಡು, ಅರಳೆಯ ಎಳೆ ಜಗ್ಗಿ ನೋಡುವ ಹಾಗೆ ಹೆಬ್ಬೆರಳಿನಿಂದ ಸವರಿದರು.

"ಇದನ್ನ ಯಾರು ಕೊಳ್ತಾರೆ?" ಅಂದರು.

ಪುಕ್ಕಟೆ ಕೊಡುವುದನ್ನು ಯಾರು ಕೊಳ್ಳುತ್ತಾರೆ ಚಾಚಾ ಅಂತ ನಾನು ನಕ್ಕೆ.

"ಕೊಳ್ಳೋರಿಲ್ಲ ಅಂದ್ರೆ ಒಂದು ರೂಪಾಯಿ ಅಂತ ದರ ಹಾಕಿದೋರು ಯಾರು?" ಅಂದವರೇ ಬಿಲ್ಲೆ ನನ್ನ ಕೈಗೆ ಹಾಕಿ ಬಸಿಗೆ ಚಹಾ ಬಗ್ಗಿಸಿಕೊಂಡರು. ಅವರು ಆ ತಿಂಗಳು ನನ್ನ ಹತ್ತಿರ ಆಡಿದ ಅತಿ ಉದ್ದದ ಮಾತು ಅದು. ನಾನು ಅದನ್ನು ಕಟ್ಟೆಯ ಮೇಲೇ ಬಿಟ್ಟು ಬಂದೆ.

ಅಕ್ಕ ಮಾತ್ರ ಬೋರ್ಡನ್ನು ಓದಿದ್ದಳು. ಅವಳು ನೂರು ಬಿಲ್ಲೆ ಕೂಡಿಸಲು ಹೊರಟಳು. ನನ್ನ ಸಂಬಳದ ಬಿಲ್ಲೆಯೆಲ್ಲ ಅವಳ ಸಂಚಿಗೆ. ಓಣಿಯ ಹೆಂಗಸರು ತಮ್ಮ ಬಿಲ್ಲೆ ಕೊಟ್ಟರು. ಮಿಷನ್ ಬಂದ ಮೇಲೆ ಒಂದೊಂದು ಕುಪ್ಪಸ ಹೊಲಿದು ಕೊಡುತ್ತೇನೆ ಅಂತ ಅವಳು ಮಾತು ಕೊಟ್ಟಳು. ಚಾಚಿ ತನ್ನ ತವರಿನವರ ಬಿಲ್ಲೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಪಿ.ಜೆ. ಬಡಾವಣೆಯ ಡಾಕ್ಟರರ ಮನೆಯಾಕೆ ಮಕ್ಕಳ ಬಿಲ್ಲೆ ಕಸಿದು ಕೊಟ್ಟರಂತೆ. ಅಕ್ಕ ಎರಡು ಸಲ ಚಕ್ರದ ಮುಂದೆ ಕೂತು ಗೆದ್ದಳು. ಗೆದ್ದದ್ದಕ್ಕೂ ಕೆಂಪು ಬಿಲ್ಲೆಯನ್ನೇ ಎಣಿಸಿ ಕೊಟ್ಟರು. ಆಗಲಾದರೂ ನನಗೆ ಹೊಳೆಯಬೇಕಿತ್ತು. ನಾನು ಮೈಕಿನಲ್ಲಿ ಅತ್ತೆಯಾಗಿದ್ದೆ, ಬೈಯುವ ಅವಸರದಲ್ಲಿದ್ದೆ.

ನೂರು ತುಂಬಿದ ದಿನ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. ಮಾಲೀಕ ಸಂಚಿಯನ್ನು ಕೈಯಲ್ಲಿ ತೂಗಿದ. ಒಳಗೆ ನೋಡಿದ.

"ತಂಗೀ, ಇವು ಕೆಂಪವು. ಕೆಂಪವು ಆಟಕ್ಕೆ ಮಾತ್ರ. ಮಿಷನ್ನಿಗೆ ಬಿಳಿ ಬಿಲ್ಲೆ ಆಗ್ಬೇಕು."

ಬೋರ್ಡಿನಲ್ಲಿ ಹಾಗೆ ಇಲ್ಲವಲ್ಲ ಅಂತ ಅಕ್ಕ ಕೇಳಿದಳು. ಬಿಲ್ಲೆ ಅಂದರೆ ಬಿಳಿ ಬಿಲ್ಲೆ ಅಂತಲೇ ಅರ್ಥ, ಎಲ್ಲ ಊರಲ್ಲೂ ಇದೇ ರೂಲು, ರೂಲಿನ ವಿಷಯದಲ್ಲಿ ಮಂಟಪದವರು ಹೇಳಿದ್ದೇ ಕೊನೆ ಅಂತ ಅವನು ಬಹಳ ಮೆತ್ತಗೆ ತಿಳಿಸಿದ. ಹಾಗಾದರೆ ಇದರ ಮೇಲೆ ಒಂದು ರೂಪಾಯಿ ಅಂತ ಯಾಕೆ ಬರೆದಿದ್ದೀರಿ ಅಂದಳು. ಒಂದು ರೂಪಾಯಿ ಆಟ ಆಡಬಹುದಲ್ಲ, ಅದಕ್ಕೆ ಅಂದ. ಕಡೆಗೆ "ನಗುನಗ್ತಾ ಇರ್ರಿ" ಅಂದ.

ಅಕ್ಕ ಸಂಚಿಯ ಬಾಯಿ ಬಿಗಿದು ಮನೆಗೆ ಬಂದಳು. ಅವತ್ತು ಅಪ್ಪ ಒಂದೇ ಮಾತು ಆಡಿದ, ಹಂಗಾದ್ರೆ ನಾಳಿದ್ದು ಹರಿಹರದವರು ಬರ್ತಾರೆ ಅಂತ. ಅವ್ವ ಟ್ರಂಕು ಇಳಿಸಿದಳು. ಅಕ್ಕ ಅದರ ಬೀಗಕ್ಕೆ ಎಣ್ಣೆ ಬಿಟ್ಟಳು.

ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಚಾಚಾರ ಕಟ್ಟೆಗೆ ಹೋದೆ. ಸಿಟ್ಟು ಬಂದರೆ ಬೈಯಲು ಬಾರದ ಜಾತಿ ನಾನು. ಸಿಟ್ಟು ಬಂದವರ ಹಾಗೆ ಆಡಿ ತೋರಿಸಲಷ್ಟೇ ಬರುತ್ತದೆ. ಮಾಲೀಕನನ್ನು ಪೂರಾ ಆಡಿದೆ. ಅವನ ದನಿ, ಅವನ ನಗು, ಗಿರಾಕಿ ಬಂದಾಗ ಮುಖ ನೋಡದೆ ಮೊದಲು ಕಾಲಿನ ಕಡೆ ನೋಡುವುದು, ಪಕ್ಕಕ್ಕೆ ಬಂದು ನಿಂತು ಅವರ ಬೆನ್ನಿನ ಮೇಲೆ ಅಂಗೈ ಎಳೆದು ಎರಡು ಸಲ ತಟ್ಟುವುದು. ಚಾಚಿ ಅಳುತ್ತಿದ್ದವಳು ನಕ್ಕಳು. ಚಾಚಾ ನಗಲಿಲ್ಲ. ಬಸಿ ಕೆಳಗಿಟ್ಟರು.

"ಇನ್ನೊಮ್ಮೆ ಮಾಡು, ಬೇಟಾ. ಮಾತು ಬ್ಯಾಡ. ಕೈ ಅಷ್ಟೇ."

ನಾನು ಕಾಲು ನೋಡಿದೆ, ಪಕ್ಕಕ್ಕೆ ಸರಿದೆ, ಬೆನ್ನು ಸವರಿದೆ, ತಟ್ಟಿದೆ. ಚಾಚಾರ ಬೆರಳುಗಳು ತೊಡೆಯ ಮೇಲೆ ಆಡುವುದನ್ನು ನಿಲ್ಲಿಸಿದವು.

"ಈ ಮನುಷ್ಯ ಎತ್ತಿನ ವ್ಯಾಪಾರ ಮಾಡ್ಯಾನೆ," ಅಂದರು. "ಎತ್ತಿನ ಸಂತ್ಯಾಗೂ ಟವೆಲೇ. ಅವನ ಕೈಗೆ ಟವೆಲು ಗೊತ್ತೈತೆ."

ಅಷ್ಟು ದಿನ ಅವನ ಜೊತೆ ಚಹಾ ಕುಡಿದ ನನಗೆ ಕಾಣದ್ದು, ಅವನನ್ನು ಕಣ್ಣಿನಿಂದ ನೋಡಿಯೇ ಇರದ ಚಾಚಾರಿಗೆ ನನ್ನ ಅಣಕದಲ್ಲಿ ಕಂಡಿತು. ನಾನು ಇನ್ನೂ ಬಾಯಿ ತೆರೆದುಕೊಂಡು ನಿಂತಿದ್ದಾಗ ಅವರು ಒಳಗೆ ಹೋಗಿ, ಒಗೆದ ಟವೆಲೊಂದನ್ನು ಹೆಗಲಿಗೆ ಹಾಕಿಕೊಂಡು ಬಂದು, ನಾಳೆ ದೀಪ ಹಚ್ಚುವ ಹೊತ್ತಿಗೆ ಅಕ್ಕನನ್ನು ಕರೆದುಕೊಂಡು ಬಾ ಅಂತ ಹೇಳಿ ಪೇಟೆಗೆ ನಡೆದರು.

ಮರುದಿನ ಸಂಜೆ ಮಂಟಪದ ಮುಂದೆ ಜನ ಕಿಕ್ಕಿರಿದಿತ್ತು. ಮಿಲ್ಲಿನ ಪಾಳಿ ಬಿಟ್ಟವರು, ಪೇಟೆಯ ಹಮಾಲರು, ಕೊಕ್ಕನೂರಿನ ಕಡೆಯಿಂದ ಹತ್ತಿ ಗಾಡಿ ತಂದ ರೈತರು, ನಮ್ಮ ಓಣಿಯ ಹೆಂಗಸರು. ಚಾಚಾ ಸರತಿಯಲ್ಲಿ ನಿಂತು, ಎಲ್ಲರ ಹಾಗೆ ಟಿಕೆಟ್ ಕೊಂಡು, ತಮ್ಮ ಪಾಲಿನ ಕೆಂಪು ಬಿಲ್ಲೆ ಇಸಿದುಕೊಂಡು ಮುಂದೆ ಬಂದರು. ಅಕ್ಕನ ಸಂಚಿಯನ್ನು ಮೇಜಿನ ಮೇಲೆ ಇಟ್ಟರು. ಮಾಲೀಕ ಅವರ ಕಾಲು ನೋಡಿದ. ಪಕ್ಕಕ್ಕೆ ಬಂದು ಬೆನ್ನಿನ ಮೇಲೆ ಕೈ ಇಡಬೇಕು ಅನ್ನುವಷ್ಟರಲ್ಲಿ ಚಾಚಾ ಹೆಗಲಿನಿಂದ ಟವೆಲು ತೆಗೆದು ಬಿಚ್ಚಿ ಹಿಡಿದರು.

"ಮಾಲು ತಂದೀನಿ. ಕೆಂಪು ಬಿಲ್ಲೆ. ಆಣೆ ಲೆಕ್ಕ. ದರ ಹೇಳ್ರಿ," ಅಂದರು.

ಮುಂದೆ ಆದದ್ದನ್ನು ನಾನು ಎಷ್ಟೋ ಸಲ ನೆನೆದು ನೋಡಿದ್ದೇನೆ. ಆ ಮಾಲೀಕ ನಕ್ಕು, ಇದೇನು ಸಾಹೇಬರೇ ಅಂದು, ಕೈ ಹಿಂದಕ್ಕೆ ಇಟ್ಟುಕೊಂಡಿದ್ದರೆ ಅಲ್ಲಿಗೆ ಮುಗಿದು ಹೋಗುತ್ತಿತ್ತು. ಅವನ ಬಾಯಿ ನಗುತ್ತಲೂ ಇತ್ತು. ಆದರೆ ಹತ್ತಾರು ವರ್ಷ ಎತ್ತು ಕೊಂಡು ಮಾರಿದ ಅವನ ಬಲಗೈ, ಬಿಚ್ಚಿ ಹಿಡಿದ ಟವೆಲು ಕಂಡದ್ದೇ ತಡ, ಯಜಮಾನನನ್ನು ಕೇಳದೆ ತಾನಾಗಿ ಒಳಗೆ ಹೋಯಿತು. ಹೋದ ಮೇಲೆ ಅವನಿಗೆ ಗೊತ್ತಾಯಿತು. ಅವನ ಮುಖ ನೋಡಿಯೇ ನನಗೂ ಗೊತ್ತಾಯಿತು.

ಟವೆಲು ಬಿದ್ದದ್ದನ್ನು ಕಂಡು ಮೊದಲು ಹಮಾಲರು ಸುಮ್ಮನಾದರು. ಅವರನ್ನು ನೋಡಿ ರೈತರು. ಗುಂಪಿನಲ್ಲಿ ಎಷ್ಟು ಜನ ದಲಾಲಿಗಳು ಇದ್ದರು ಅನ್ನುವುದು ಆಗಲೇ ನನಗೆ ಕಂಡದ್ದು. ಚಾಚಾ ಹಿಂದಿನ ದಿನ ಪೇಟೆಗೆ ಯಾಕೆ ಹೋಗಿದ್ದರು ಅಂತಲೂ ತಿಳಿಯಿತು. ಮಕ್ಕಳ ಬಾಯಿಗೆ ತಾಯಂದಿರು ಕೈ ಅಡ್ಡ ಹಿಡಿದರು. ಅಷ್ಟು ಗದ್ದಲದ ಎಗ್ಜಿಬಿಷನ್ನಿನಲ್ಲಿ ನಮ್ಮ ಮಂಟಪವೊಂದು ಸದ್ದಿಲ್ಲದೆ ನಿಂತಿತು. ಮಾಲೀಕ ನನ್ನ ಕಡೆ ಕಣ್ಣು ಮಾಡಿದ, ಮೈಕಿನಲ್ಲಿ ಏನಾದರೂ ಕೂಗು, ಜನ ಚದುರಿಸು ಅಂತ. ನಾನು ಮೈಕಿನ ಗುಂಡಿ ಆರಿಸಿದೆ. ಹುಟ್ಟಿದಾಗಿನಿಂದ ನಾನು ಸುಮ್ಮನಿದ್ದ ಮೊದಲ ಸಂಜೆ ಅದು, ಅಂತ ಅವ್ವ ಈಗಲೂ ಹೇಳುತ್ತಾಳೆ.

ಟವೆಲು ಅಲ್ಲಾಡುತ್ತಿತ್ತು. ಒಂದು ಕಡೆಯ ಉಬ್ಬು ಹಿಂದಕ್ಕೆ ಸರಿಯಲು ನೋಡುವುದು, ಇನ್ನೊಂದು ಕಡೆಯದು ಅಲ್ಲೇ ಕಾಯುವುದು. ಆಗ ನನಗೆ ಅವನ ಸಂಕಟ ಅರ್ಥವಾಯಿತು. ಕೆಂಪು ಬಿಲ್ಲೆಗೆ ಬೆಲೆ ಇಲ್ಲ ಅಂತ ಹೇಳಬೇಕು ಅಂದುಕೊಂಡಿದ್ದ. ಆದರೆ ಟವೆಲಿನ ಕೆಳಗೆ ಸೊನ್ನೆಗೆ ಬೆರಳಿಲ್ಲ. ಒಂದು ಹಿಡಿಯಬೇಕು, ಎರಡು ಹಿಡಿಯಬೇಕು, ಏನಾದರೂ ಹಿಡಿಯಲೇಬೇಕು. ಇಲ್ಲವೇ ಅಷ್ಟು ದಲಾಲಿಗಳ ಮುಂದೆ ದರ ಕೊಡದೆ ಕೈ ಕಿತ್ತುಕೊಳ್ಳಬೇಕು. ಕಿತ್ತುಕೊಂಡರೆ ನಾಳೆ ಅವನ ಬಿಳಿ ಬಿಲ್ಲೆಯನ್ನೂ ಕೊಳ್ಳುವವರು ಇರುವುದಿಲ್ಲ. ತಲೆಯ ಮೇಲೆ ನೋಡಿದರೆ ಅವನದೇ ಬೋರ್ಡು, ದೀಪ ಹಾಕಿಕೊಂಡು ಹೊಳೆಯುತ್ತಿತ್ತು.

ಅವನು ಮೆಲ್ಲಗೆ ಚಾಚಾರ ಕಿವಿಯ ಹತ್ತಿರ ಬಾಗಿದ. ನಾನೂ ಅಕ್ಕನೂ ಪಕ್ಕದಲ್ಲೇ ಇದ್ದೆವು.

"ಸಾಹೇಬ್ರೇ, ಆ ಹೆಣ್ಮಗಳಿಗೆ ಮಿಷನ್ ಕೊಟ್ಬಿಡ್ತೀನಿ. ಈಗ್ಲೇ ಒಯ್ರಿ. ಕೈ ಬಿಡ್ರಿ."

ಮಿಷನ್ ಮೂರು ಮಾರು ದೂರದಲ್ಲಿತ್ತು. ಚಾಚಾ ಕೈ ಬಿಡಲಿಲ್ಲ. ಅಕ್ಕನ ಕಡೆ ತಿರುಗಿದರು. ದಲಾಲಿಗೆ ಮಾಲಿನ ಮೇಲೆ ಹಕ್ಕಿಲ್ಲ. ಒಪ್ಪುವುದು ಬಿಡುವುದು ಮಾಲಿನವರದು.

"ಬೇಟಿ, ಮಾಲು ನಿಂದು. ನೀನೇ ಹೇಳು."

ಅಕ್ಕ ಮಿಷನ್ನನ್ನು ನೋಡಿದಳು. ಹತ್ತಿರ ಹೋಗಿ ಅದರ ಗಾಲಿಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿದಳು. ಸೂಜಿ ಸರಾಗವಾಗಿ ಇಳಿದು ಎದ್ದಿತು, ಒಳ್ಳೆಯ ಮಿಷನ್. ತಿರುಗಿ ಬಂದು ಮಾಲೀಕನನ್ನು ಕೇಳಿದಳು.

"ನಾನು ಇದನ್ನ ಒಯ್ದ್ರೆ ಉಳಿದೋರ ಕೈಯಾಗಿರೋ ಕೆಂಪು ಬಿಲ್ಲೆ?"

"ಅವು ಆಟಕ್ಕೆ, ತಂಗೀ."

ಅವಳು ಜನರ ಕಡೆ ನೋಡಿದಳು. ಮಿಲ್ಲಿನವರ ಕೈಯಲ್ಲಿ, ಮಕ್ಕಳ ಮುಷ್ಟಿಯಲ್ಲಿ, ಬಿಲ್ಲೆ ಕೊಟ್ಟು ಕುಪ್ಪಸಕ್ಕೆ ಕಾದಿದ್ದ ಓಣಿಯ ಹೆಂಗಸರ ಸೆರಗಿನ ಗಂಟಿನಲ್ಲಿ ಇನ್ನೂ ಬಿಲ್ಲೆಗಳಿದ್ದವು. ಮನೆಯಲ್ಲಿ ಟ್ರಂಕು ತುಂಬಿ ಇಟ್ಟಿತ್ತು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಚಾಚಾರಿಗೂ ಗೊತ್ತಿತ್ತು. ತಗೋ ಅಕ್ಕಾ ಅಂತ ನಾನು ಮನಸ್ಸಿನಲ್ಲೇ ನೂರು ದನಿಯಲ್ಲಿ ಕೂಗುತ್ತಿದ್ದೆ.

"ಹಂಗಾರೆ ನಂಗೆ ಮಿಷನ್ ಬ್ಯಾಡ್ರಿ ಚಾಚಾ. ಇವನ್ನ ನಂಗೆ ಕೊಟ್ಟೋರು ಇಲ್ಲೇ ನಿಂತಾರೆ. ಎಲ್ಲಾರ್ದಕ್ಕೂ ಒಂದೇ ದರ ಮಾಡಿಸ್ರಿ."

ನಾನು ಚಾಚಾರ ಮುಖ ನೋಡಿದೆ. ಅದೇ ಗೋಡೆ. ಆದರೆ ಟವೆಲಿನ ಹೊರಗೆ ಇದ್ದ ಅವರ ಎಡಗೈ ಅಕ್ಕನ ತಲೆಯ ಮೇಲೆ ಬಂದು ಕೂತು, ಅಲ್ಲೇ ಒಂದು ಗಳಿಗೆ ಇತ್ತು. ಆಮೇಲೆ ಅವರು ಮಾಲೀಕನ ಕಡೆ ತಿರುಗಿದರು. ಟವೆಲು ಒಂದು ಸಲ ಬಿಗಿಯಾಯಿತು. ಮಾಲೀಕ ಕಣ್ಣು ಮುಚ್ಚಿದ. ಕೈಗಳು ಹೊರಗೆ ಬಂದವು.

ದರ ಕೂಗುವುದು ದಲಾಲಿಯ ಕೆಲಸವಲ್ಲ. ಮಾಲೀಕ ನನ್ನ ಕಿವಿಯಲ್ಲಿ ಹೇಳಿದ. ನಾನು ಮೈಕು ಹಾಕಿದೆ. ರಾಜನ ದನಿ ತೆಗೆಯಲೋ, ಸ್ಟೇಷನ್ನಿನ ದನಿಯೋ ಅಂತ ಒಂದು ಕ್ಷಣ ತಡವರಿಸಿ, ಕಡೆಗೆ ಯಾವುದೂ ಬಾರದೆ, "ಕೆಂಪು ಬಿಲ್ಲೆ ಎರಡಾಣೆ" ಅಂದೆ. ನನ್ನ ಸ್ವಂತ ದನಿ ಅಷ್ಟು ಕೀರಲು ಅಂತ ಅವತ್ತೇ ನನಗೆ ತಿಳಿದದ್ದು.

ಜನ ಸಾಲಾಗಿ ಬಂದು ಬಿಲ್ಲೆ ಕೊಟ್ಟು ದುಡ್ಡು ಇಸಿದುಕೊಂಡರು. ಅಲ್ಲಿಯವರೆಗೆ ರೂಪಾಯಿ ಅಂತ ಜೇಬಿನಲ್ಲಿ ಕುಣಿಸುತ್ತಿದ್ದದ್ದು ಎರಡಾಣೆಯಾಗಿ ಕೈಗೆ ಬಂತು. ಒಬ್ಬರೂ ಗೊಣಗಲಿಲ್ಲ. ಹುಸಿ ರೂಪಾಯಿಗಿಂತ ಖರೆ ಎರಡಾಣೆ ಕೈಯಲ್ಲಿ ಹೆಚ್ಚು ಭಾರ ಇದ್ದ ಹಾಗೆ ಎಲ್ಲರೂ ಅದನ್ನು ಮುಚ್ಚಿ ಹಿಡಿದುಕೊಂಡು ಹೋದರು. ಅಕ್ಕ ತನ್ನ ನೂರು ಬಿಲ್ಲೆಯ ದುಡ್ಡನ್ನು ಅಲ್ಲೇ ನಿಂತು, ಕೊಟ್ಟ ಹೆಂಗಸರಿಗೆಲ್ಲ ಅವರವರ ಪಾಲು ಹಂಚಿದಳು. ಉಳಿದದ್ದು ನನ್ನ ಸಂಬಳ ಮತ್ತು ಅವಳು ಗೆದ್ದದ್ದು, ಅಷ್ಟೇ. ಮಿಷನ್ ಹಾರ ಹಾಕಿಕೊಂಡು ಬೋರ್ಡಿನ ಕೆಳಗೇ ಉಳಿಯಿತು. ನನ್ನ ಕೆಲಸ ಹೋಯಿತು ಅಂತ ಬೇರೆ ಹೇಳಬೇಕಾಗಿಲ್ಲ. ನಗುನಗುತ್ತಲೇ ಕಳಿಸಿದ.

ದಾರಿಯುದ್ದಕ್ಕೂ ನಾನು ಅಕ್ಕನ ಮೇಲೂ ಚಾಚಾರ ಮೇಲೂ ಉರಿಯುತ್ತಿದ್ದೆ. ಎರಡಾಣೆಯ ನ್ಯಾಯಕ್ಕೆ ಅಕ್ಕನನ್ನು ಹರಿಹರದ ಒಲೆಗೆ ಮಾರಿ ಬಂದೆವಲ್ಲ ಅಂತ. ಚಾಚಾ ಮುಂದೆ ಮುಂದೆ ನಡೆದರು. ಓಣಿಯ ತಿರುವಿನಲ್ಲಿ ನಿಂತು, "ಬೇಟಾ, ಪೇಟೆ ನೋಡ್ತಿತ್ತು," ಅಂದರು. ನನಗೆ ಅರ್ಥವಾಗಲಿಲ್ಲ.

ಮರುದಿನ ಬೆಳಗ್ಗೆ, ಹರಿಹರದ ಬಸ್ಸು ಬರುವ ಮೊದಲೇ, ಚಾಚಾ ಒಂದು ದೊಡ್ಡ ಬಟ್ಟೆಯ ಗಂಟು ಹೊತ್ತ ಹಮಾಲನ ಜೊತೆ ನಮ್ಮ ಮನೆಗೆ ಬಂದರು. ಅಪ್ಪನ ಎದುರಿಗೆ ಕೂತರು. ಅವರು ಒಂದೇ ಸಮನೆ ಅಷ್ಟು ಮಾತಾಡಿದ್ದನ್ನು ನಾವು ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ. ಪೇಟೆಯಿಂದ ಮಿಲ್ಲುಗಳಿಗೆ ಹತ್ತಿಯ ಮಾದರಿ ಹೋಗುವುದು ಸಣ್ಣ ಚೀಲದಲ್ಲಿ. ಚೀಲಕ್ಕೆ ಅರಳೆ ತುಂಬಿ ಬಾಯಿ ಹೊಲಿಯುತ್ತಾರೆ. ಹೊಲಿಯುವವರ ಕೈಯಲ್ಲಿ ಒಳಗಿನ ಅರಳೆ ಬದಲಾಯಿತೋ, ಇಡೀ ವ್ಯಾಪಾರ ಕೆಟ್ಟಿತು. ಹಾಗಾಗಿ ಒಬ್ಬ ದಲಾಲಿ ಒಪ್ಪುವ ಕೈಯನ್ನು ಇನ್ನೊಬ್ಬ ಒಪ್ಪುವುದಿಲ್ಲ, ಎಲ್ಲರೂ ತಮ್ಮ ತಮ್ಮ ಚೀಲ ತಾವೇ ಹೊಲಿದುಕೊಂಡು ಒದ್ದಾಡುತ್ತಾರೆ.

"ನಿನ್ನೆ ಇವ್ಳು ಮಿಷನ್ ಬಿಟ್ಟಿದ್ದನ್ನ ಎಲ್ಲಾರೂ ನೋಡ್ಯಾರೆ ಯಜಮಾನ್ರೇ. ಇನ್ಮ್ಯಾಲೆ ಚೀಲ ಇವ್ಳೇ ಹೊಲೀಬೇಕಂತೆ. ಎಲ್ಲಾರ್ದೂ. ಕೈಹೊಲಿಗೇನೇ ಬೇಕು, ಮಿಷನ್ ಬ್ಯಾಡ."

ಹರಿಹರದ ಮಾವ ಮಂಡಕ್ಕಿಯ ಪೊಟ್ಟಣ ಹಿಡಿದುಕೊಂಡು, ಸೊಸೆ ತಯಾರಾದಳಾ ಅಂತ ಹೊಸಿಲು ದಾಟಿದಾಗ ಅಕ್ಕ ಪಡಸಾಲೆಯಲ್ಲಿ ಕೂತು ದಬ್ಬಳಕ್ಕೆ ದಾರ ಪೋಣಿಸುತ್ತಿದ್ದಳು. ಅವಳ ಸುತ್ತ ಚೀಲಗಳ ರಾಶಿ. ಚಾಚಾ ಮೂಲೆಯಲ್ಲಿ ಬಸಿ ಹಿಡಿದು ಕೂತಿದ್ದರು, ಅವರ ಜೊತೆ ಇನ್ನೂ ಇಬ್ಬರು ದಲಾಲಿಗಳು. ಅಪ್ಪ ಎದ್ದು ನಿಂತ. ಕೆಮ್ಮಿದ. ನನಗೆ ಚೆನ್ನಾಗಿ ಗೊತ್ತಿದ್ದ ಆ ಕೆಮ್ಮು ಈ ಸಲ ಬೇಗ ನಿಂತಿತು.

"ಅವಳಿಗೆ ಪ್ಯಾಟೆ ಕೆಲಸ ಐತ್ರಿ ಬೀಗ್ರೇ. ಕಳಿಸಾಕಾಗಲ್ಲ," ಅಂದ.

ಮಾವ ಮೂಲೆಯಲ್ಲಿ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಅವರ ಹತ್ತಿಯೂ ಅದೇ ಪೇಟೆಗೆ ಬರುತ್ತಿತ್ತು. ಮಂಡಕ್ಕಿ ಕೊಟ್ಟು, ಚಹಾ ಕುಡಿದು, ಎಗ್ಜಿಬಿಷನ್ ನೋಡಿಕೊಂಡು ಹೋದರು.

ಅಕ್ಕನಿಗೆ ಮಿಷನ್ ಬಂದದ್ದು ಎರಡು ಸುಗ್ಗಿ ಕಳೆದ ಮೇಲೆ, ಅವಳ ಸ್ವಂತ ದುಡ್ಡಿನಲ್ಲಿ. ಆಗ ಓಣಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿದು ಕೊಟ್ಟಳು. ಬಿಲ್ಲೆಯ ಲೆಕ್ಕ ಮುಗಿದಿತ್ತಲ್ಲ ಅಂದರೆ, ಮಾತಿನ ಲೆಕ್ಕ ಬೇರೆ ಅಂದಳು. ನಾನು ಈಗ ಒಂದು ಸೋಪಿನ ಕಂಪನಿಯ ಜೀಪಿನಲ್ಲಿ ಕೂತು ಊರೂರು ಕೂಗುತ್ತೇನೆ. ಪುಕ್ಕಟೆ ಅಂತ ಬರೆದುಕೊಟ್ಟ ಚೀಟಿ ಬಂದರೆ, ಇದನ್ನ ಯಾರು ಕೊಳ್ತಾರೆ ಅಂತ ಮ್ಯಾನೇಜರನ್ನು ಕೇಳುತ್ತೇನೆ. ನಾನು ತಲೆಹರಟೆ ಅಂತ ಅವನಿಗೆ ಅನ್ನಿಸಿದೆ. ಅದು ನಿಜವೇ.

ಕಣ್ಣು ಮಂಜಾದ ಮೇಲೆ ಚಾಚಾ ಪೇಟೆ ಬಿಟ್ಟು ಹರಿಹರದಲ್ಲಿದ್ದ ಮಗಳ ಮನೆಗೆ ಹೋದರು. ಆ ಊರಿನ ಹೆಸರು ತೆಗೆದರೆ ಮುಖ ತಿರುಗಿಸುತ್ತಿದ್ದ ಅಕ್ಕ, ತಿಂಗಳಿಗೊಮ್ಮೆ ಬಸ್ಸು ಹತ್ತಿ ಅವರನ್ನು ನೋಡಲು ಹೋಗತೊಡಗಿದಳು. ಬಸ್ ಸ್ಟ್ಯಾಂಡಿನಿಂದ ಮಗಳ ಮನೆಗೆ ಹೋಗುವ ದಾರಿ ಅಕ್ಕನ ಅತ್ತೆಯ ಮನೆಯ ಮುಂದೆಯೇ. ಬೇರೆ ದಾರಿ ಇದೆಯಲ್ಲ ಅಂತ ನಾನು ಒಮ್ಮೆ ಹೇಳಿದೆ. ಇದು ಹತ್ತಿರ ಅಂದಳು. ಹೊಳೆಯ ಗಾಳಿಗೆ ಜಗುಲಿಯಲ್ಲಿ ಕೂತ ಮುದುಕ ಮಾವನಿಗೆ ನಿಂತು ಶರಣು ಮಾಡಿ, ಮುಂದೆ ನಡೆಯುತ್ತಿದ್ದಳು.

ಈ ವರ್ಷ ಚಳಿ ಬೀಳುವ ಹೊತ್ತಿಗೆ ಚಾಚಾ ಹೋಗಿಬಿಟ್ಟರು ಅಂತ ಸುದ್ದಿ ಬಂತು. ನಾನೂ ಅಕ್ಕನೂ ಬೆಳಗಿನ ಬಸ್ಸು ಹಿಡಿದೆವು. ಅವಳು ಕಿಟಕಿಯ ಪಕ್ಕ ಕೂತಳು. ಅಳಲಿಲ್ಲ. ಯಾರನ್ನಾದರೂ ಅಣಕಿಸಿ ಅವಳ ಮನಸ್ಸು ತಿಳಿ ಮಾಡೋಣ ಅಂದರೆ ಯಾವ ದನಿಯೂ ನನ್ನ ಬಾಯಿಗೆ ಬರಲಿಲ್ಲ. ಕಂಡಕ್ಟರು ಬಂದು, ಎಲ್ಲಿಗಮ್ಮ ಅಂತ ಕೇಳಿದ.

"ಹರಿಹರ," ಅಂದಳು ಅಕ್ಕ. ಅವನು ಟಿಕೆಟ್ ಹರಿದು ಮುಂದಕ್ಕೆ ಹೋಗುವವನಿದ್ದ. ಅವನು ಕೇಳದೆ ಇದ್ದದ್ದನ್ನೂ ಅವಳೇ ಹೇಳಿದಳು.

"ಸಂಜೀಗೆ ವಾಪಸ್ ಬರ್ತೀನಿ."